ಹದಿನೇಳು ವಿಧವೆಯರು

ವಿದ್ವಾಂಸರನ್ನು ತೂಗುವ ಕೆಲಸ ನನ್ನದು. ತಮಾಷೆಗೆ ಹೇಳುತ್ತಿಲ್ಲ. ಮಣಿಪಾಲದ ಒಂದು ಸಂಸ್ಥೆಯಲ್ಲಿ ನಾನು ಗ್ರಂಥಪಾಲಕಿ, ಹೆಸರು ಬರ್ತಾ. ಪುಸ್ತಕ ಕೇಳಿಕೊಂಡು ಬರುವವರು ಕಡಿಮೆಯಾದ ಮೇಲೆ ನಮಗೆ ಬೇರೆ ಕೆಲಸ ಅಂಟಿಕೊಂಡಿತು. ನಮ್ಮ ಪ್ರಾಧ್ಯಾಪಕರು ಬರೆದ ಲೇಖನಗಳನ್ನು ಲೋಕದ ಉಳಿದ ಪ್ರಾಧ್ಯಾಪಕರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂದು ವರ್ಷಕ್ಕೊಮ್ಮೆ ಎಣಿಸಿ ಕೊಡಬೇಕು. ಇದಕ್ಕೆ ಸೈಟೇಶನ್ ಎನ್ನುತ್ತಾರೆ. ಸೈಟೇಶನ್ ಇದ್ದವರು ದೊಡ್ಡವರು, ಇಲ್ಲದವರು ಎಷ್ಟು ಓದಿಕೊಂಡಿದ್ದರೂ ಸಣ್ಣವರು. ಮದುವೆಗೆ ಬಂದವರ ತಲೆ ಎಣಿಸಿ ಗಂಡಹೆಂಡಿರ ಸಂಸಾರ ಹೇಗಿದೆ ಎಂದು ಹೇಳಿದ ಹಾಗಾಯಿತು ಎಂದು ನಾನು ಒಮ್ಮೆ ಮೀಟಿಂಗಿನಲ್ಲಿ ಹೇಳಿ ಡೀನರಿಂದ ಬೈಸಿಕೊಂಡಿದ್ದೇನೆ.

ರಾಮಲಿಂಗ ಸರ್ ನಮ್ಮಲ್ಲಿ ರಾಜಕೀಯ ಇತಿಹಾಸ ಕಲಿಸುತ್ತಿದ್ದರು. ಎರಡು ಪುಸ್ತಕ ಬರೆದಿದ್ದರು, ಲೇಖನಗಳು ಹತ್ತಾರು. ಅವುಗಳಲ್ಲಿ ಒಂದನ್ನು ಬಿಟ್ಟರೆ ಉಳಿದವನ್ನು ಓದಿದವರು ಅವರು, ಅಚ್ಚು ತಿದ್ದಿದವರು ಮತ್ತು ನಾನು, ಇಷ್ಟೇ ಜನ ಇರಬೇಕು. ಆ ಒಂದು ಲೇಖನದ ಕತೆ ಮಾತ್ರ ಬೇರೆ. ಭೂನ್ಯಾಯಮಂಡಳಿಯ ಮುಂದೆ ನಿಂತ ಹದಿನೇಳು ವಿಧವೆಯರ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದದ್ದು ಅದು. ಕೀನ್ಯಾದವರು, ಬ್ರೆಜಿಲ್‌ನವರು, ಯಾವ್ಯಾವುದೋ ದೇಶದವರು ಅದನ್ನು ಹೆಸರಿಸಿದ್ದರು. ಲೆಕ್ಕ ನಾನೂರು ದಾಟಿತ್ತು. ನಮ್ಮ ಇಡೀ ಕಲಾ ವಿಭಾಗದ ಉಳಿದವರನ್ನೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ.

ಲೇಖನದ ಸಾರ ಸರಳ. ಎಪ್ಪತ್ತರ ದಶಕದಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಗೇಣಿದಾರರು ಮಂಡಳಿಗೆ ಅರ್ಜಿ ಹಾಕಿ ಜಾಗ ಪಡೆದರು. ನಮ್ಮ ಕಡೆ ಇದನ್ನು ಡಿಕ್ಲರೇಶನ್ ಎನ್ನುತ್ತಾರೆ. ಹೆಚ್ಚಿನ ಕಡೆ ಧಣಿಗಳು ಹಾವಿನ ಹಾಗೆ ಎದ್ದು ನಿಂತರು. ಆದರೆ ಕಾರ್ಕಳದ ಹತ್ತಿರದ ಒಂದು ಊರಿನಲ್ಲಿ ಹದಿನೇಳು ಹೆಂಗಸರು ತಾವೇ ಅರ್ಜಿ ಹಾಕಿದ್ದರು. ಅವರ ಹೆಸರಿನ ಜೊತೆ ಗಂಡನ ಹೆಸರಿರಲಿಲ್ಲ, ತಾಯಿಯ ಹೆಸರಿತ್ತು. ಧಣಿಗಳು ಮಂಡಳಿಗೆ ಬಂದು, ಹೌದು, ಈಕೆ ನಮಗೆ ಗೇಣಿ ಕೊಡುತ್ತಿದ್ದವಳೇ, ಜಾಗ ಕೊಡಿ ಎಂದು ಹೇಳಿ ಹೋಗಿದ್ದರು. ಒಬ್ಬನೂ ತಕರಾರು ಎತ್ತಿರಲಿಲ್ಲ. ರೈತ ಹೋರಾಟ ಊರಿನಲ್ಲಿ ಒಂದು ನಾಚಿಕೆಯನ್ನು ಹುಟ್ಟಿಸಿದರೆ, ಗಂಡ ಸತ್ತವಳಿಗೆ ಇಲ್ಲ ಎನ್ನಲು ಧಣಿಗೂ ಬಾಯಿ ಬರುವುದಿಲ್ಲ ಎಂಬುದು ರಾಮಲಿಂಗ ಸರ್ ವಾದ. ಓದಿದಾಗ ನನ್ನ ಕಣ್ಣೂ ಒದ್ದೆಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅವರಿಗೆ ಆ ವಿಧವೆಯರು ಯಾಕೆ ಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಅವರ ತಂದೆ ಈಶಪ್ಪ ಬಯಲುಸೀಮೆಯಿಂದ ಹೆಂಡತಿಯನ್ನು ಕರೆದುಕೊಂಡು ಕಾರ್ಕಳದ ಕಲ್ಲಿನ ಕೋರೆಗೆ ದುಡಿಯಲು ಬಂದವರು. ಕೋರೆಯಲ್ಲೇ ಬಂಡೆ ಉರುಳಿ ಹೋದರು. ತಾಯಿ ಶರಣಮ್ಮ ಜಲ್ಲಿ ಒಡೆದು ಮಗನನ್ನು ಓದಿಸಿದರು. ಕೋರೆಯ ಬಿಡಾರದಲ್ಲಿ ಬೆಳೆದ ಹುಡುಗನಿಗೆ ತುಳು ನಮಗಿಂತ ಚೆನ್ನಾಗಿ ಬರುತ್ತಿತ್ತು. ಲೇಖನ ಅಚ್ಚಾದ ದಿನ ಅವರು ಅದನ್ನು ತಾಯಿಗೆ ತಮ್ಮ ಮನೆಮಾತಿನಲ್ಲಿ ಓದಿ ಹೇಳಿದರಂತೆ. ಶರಣಮ್ಮ ಮರುದಿನವೇ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ, ತನ್ನ ಹಳೆಯ ಜೊತೆಯವರಿಗೆಲ್ಲ, ನಮ್ಮಂಥವರು ಹದಿನೇಳು ಮಂದಿ ಇದೇ ಸೀಮೆಯಲ್ಲಿ ಭೂಮಿ ಗೆದ್ದಿದ್ದರು ಎಂದು ಸಾರಿ ಬಂದರು. ನಾನೂರು ಸೈಟೇಶನ್‌ಗಿಂತ ಆ ಒಂದು ಬಸ್ಸಿನ ಪ್ರಯಾಣ ಸರ್‌ಗೆ ದೊಡ್ಡದಾಗಿತ್ತು.

ಕಳೆದ ವರ್ಷ ಪ್ರೊಫೆಸರ್ ಹುದ್ದೆಗೆ ಅವರ ಹೆಸರು ಹೋಯಿತು. ಅದಕ್ಕಾಗಿ ನಾನು ಮತ್ತೆ ಎಣಿಸಲು ಕೂತೆ. ಹೊಸ ಸೈಟೇಶನ್‌ಗಳ ನಡುವೆ ಒಂದು ವರದಿ ಸಿಕ್ಕಿತು. ಕೋರೆ ಕೆಲಸಗಾರರಿಗೆ ಮನೆ ನಿವೇಶನ ಕೊಡುವ ಬಗ್ಗೆ ಯಾವುದೋ ಸಲಹಾ ಸಂಸ್ಥೆ ಬರೆದುಕೊಟ್ಟದ್ದು. ಅದರಲ್ಲಿ ಹೀಗಿತ್ತು: ಕರಾವಳಿಯ ತಾಲೂಕುಗಳಲ್ಲಿ ವಿಧವೆಯರಿಗೆ ತಂಟೆಯಿಲ್ಲದೆ ಭೂಮಿ ಸಿಕ್ಕಿದ ಚರಿತ್ರೆ ಇದೆ, ಆದ್ದರಿಂದ ಇಲ್ಲಿ ಅವರಿಗೆಂದು ಪ್ರತ್ಯೇಕ ಪಾಲು ಇಡುವ ಅಗತ್ಯವಿಲ್ಲ. ಕೆಳಗೆ ಅಡಿಟಿಪ್ಪಣಿಯಲ್ಲಿ ರಾಮಲಿಂಗ ಸರ್ ಹೆಸರು. ಶರಣಮ್ಮನವರ ಜೊತೆ ಜಲ್ಲಿ ಒಡೆದ ಸೋಮವ್ವ ಎಂಬ ವಿಧವೆಯ ನಿವೇಶನದ ಅರ್ಜಿ ಅದೇ ಕಾರಣಕ್ಕೆ ಬಿದ್ದುಹೋಗಿತ್ತು. ರಾಮಲಿಂಗ ಸರ್ ಓದಿ ಕೆಂಪಾದರು. ತಾನು ಹೇಳಿದ್ದು ಒಂದು, ಇವರು ಹಿಂಡಿದ ರಸ ಇನ್ನೊಂದು ಎಂದು ಕೂಗಾಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರೇ ಎಲ್ಲ ಕಡೆ ಎಂದು ನಾನು ಸಮಾಧಾನ ಹೇಳಿದೆ. ಎತ್ತು ನಿಜವಾಗಿಯೂ ಈದಿಲ್ಲ ಎಂಬುದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮೋಕ್ಷಾಳಿಂದ. ಅವಳು ರಾಮಲಿಂಗ ಸರ್ ಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಕಾಪುವಿನವಳು. ಹಿಂದೊಮ್ಮೆ ಸರ್ ಅವಳ ಅಜ್ಜಿಯನ್ನು ಮಾತನಾಡಿಸಲು ಮನೆಗೆ ಬಂದಿದ್ದರಂತೆ. ಇತಿಹಾಸ ಎಂದರೆ ಅಜ್ಜಿಯಂದಿರನ್ನು ಮಾತನಾಡಿಸುವುದೂ ಹೌದು ಎಂದು ತಿಳಿದು ಅವಳು ಈ ವಿಷಯ ಹಿಡಿದದ್ದು. ಲೇಖನವನ್ನು ಅವಳು ಎಷ್ಟೋ ಸಲ ಓದಿದ್ದಳು. ಆದರೆ ಅದರಲ್ಲಿ ಊರಿನ ಹೆಸರು ಬೇರೆ, ಹೆಂಗಸರ ಹೆಸರುಗಳೂ ಬೇರೆ. ಬದುಕಿರುವವರ ಮರ್ಯಾದೆಗೆಂದು ಹಾಗೆ ಬದಲಿಸುವುದು ಇವರ ಕ್ರಮ. ನಾನು ಕೂಡ ಇಲ್ಲಿ ಹೆಸರುಗಳನ್ನಷ್ಟೇ ಅಲ್ಲ, ತಾಲೂಕು, ಊರು ಎಲ್ಲವನ್ನೂ ಬದಲಿಸಿದ್ದೇನೆ, ಯಾವ ಊರು ಎಂದು ಯಾರೂ ಕೇಳುವುದು ಬೇಡ.

ಒಂದು ಮಧ್ಯಾಹ್ನ ಮೋಕ್ಷಾ ಲೈಬ್ರರಿಯ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. ಸರ್ ತಮ್ಮ ಹಳೆಯ ಮಂಡಳಿ ಕಾಗದಗಳ ಪ್ರತಿಗಳನ್ನು ಅವಳ ಕೆಲಸಕ್ಕೆಂದು ಕೊಟ್ಟಿದ್ದರು. ಅದರಲ್ಲಿ ನಿಜ ಹೆಸರುಗಳಿದ್ದವು. ಹದಿನೇಳರಲ್ಲಿ ಒಬ್ಬಳು ಅವಳ ಅಜ್ಜಿ ವಿನೋದಾ.

"ಮೇಡಂ, ಅಜ್ಜಿಗೆ ಡಿಕ್ಲರೇಶನ್ ಆದ ವರ್ಷ ನನ್ನ ಅಮ್ಮ ಹುಟ್ಟಿದ್ದು. ಭೋಜ ಮಾವ ಹುಟ್ಟಿದ್ದು ಅದರ ನಂತರ," ಎಂದಳು. "ಆಗ ಅಜ್ಜಿ ವಿಧವೆ ಹೇಗಾಗ್ತಾರೆ?"

ಆಮೇಲೆ ಅವಳು ಬಿಡಿಸಿ ಹೇಳಿದ್ದು ಇಷ್ಟು. ಅವರದು ಅಳಿಯಕಟ್ಟಿನ ಕುಟುಂಬ. ಆ ಕಟ್ಟಿನಲ್ಲಿ ಗಂಡಸಿನ ಮನೆತನದ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ, ಅಂದರೆ ಅಳಿಯಂದಿರಿಗೆ. ಹೆಂಡತಿ ಮದುವೆಯಾದರೂ ತನ್ನ ತಾಯಿಯ ಮನೆಯವಳೇ, ಕಾಗದದಲ್ಲಿ ತಾಯಿಯ ಹೆಸರೇ. ಕಾನೂನು ಬಂದಾಗ ಊರಿನ ಧಣಿಗಳಿಗೆ ಯಾರೋ ವಕೀಲರು ಬುದ್ಧಿ ಹೇಳಿದರು. ಜಾಗ ಹೇಗೂ ಹೋಗುವುದಾದರೆ ಹೆಂಡತಿಯಿಂದಲೇ ಗೇಣಿದಾರಳೆಂದು ಅರ್ಜಿ ಹಾಕಿಸಿ, ಆಗ ಅದು ಅಳಿಯಂದಿರಿಗೆ ಹೋಗದೆ ನಿಮ್ಮ ಸ್ವಂತ ಮಕ್ಕಳಿಗೆ ಉಳಿಯುತ್ತದೆ ಎಂದು. ಧಣಿ ಮಂಡಳಿಯ ಮುಂದೆ ಒಪ್ಪಿಕೊಂಡದ್ದು ಯಾವ ನಾಚಿಕೆಯಿಂದಲೂ ಅಲ್ಲ. ಎದುರು ನಿಂತ ಗೇಣಿದಾರಳು ಅವನ ಹೆಂಡತಿ.

ನನಗೆ ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಬಾಯಿ ಮುಚ್ಚಿಕೊಂಡು ಡಿಗ್ರಿ ತಗೋ ಎಂದೆ. ಸತ್ಯ ಇಷ್ಟು ವರ್ಷ ಕಾದಿದೆ, ಇನ್ನೂ ಸ್ವಲ್ಪ ಕಾಯಲು ಅದಕ್ಕೆ ಏನು ಕಷ್ಟ ಎಂದು ಬುದ್ಧಿ ಹೇಳಿದೆ. ಅವಳು ಹೂಂಗುಟ್ಟಿ ಹೋಗಿ ಮರುದಿನವೇ ಸರ್‌ಗೆ ಎಲ್ಲ ಹೇಳಿದಳು. ಈಗಿನ ಹುಡುಗಿಯರಿಗೆ ಬುದ್ಧಿ ಹೇಳುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ.

ರಾಮಲಿಂಗ ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಅವರು ನನ್ನ ಹತ್ತಿರ ಬಂದು ಭಾನುವಾರ ಕಾಪುವಿಗೆ ಕಾರು ಬಿಡುತ್ತೀರಾ ಎಂದು ಕೇಳಿದರು. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ನಾನು ಸಂತೆಕಟ್ಟೆಯ ಚರ್ಚಿನಲ್ಲಿ ಪೂಜೆ ಮುಗಿಸಿ, ಹೈವೇಯ ಬ್ಲಾಕಿನಲ್ಲಿ ಸಿಕ್ಕಿಬಿದ್ದು, ಎಲ್ಲರನ್ನೂ ಬೈಯುತ್ತ ಮಣಿಪಾಲಕ್ಕೆ ಹೋಗಿ ಅವರನ್ನು ಹತ್ತಿಸಿಕೊಂಡೆ. ದಾರಿಯಲ್ಲಿ ಅವರು ಒಂದೇ ಮಾತು ಹೇಳಿದ್ದು. ಅಳಿಯಕಟ್ಟಿನ ಬಗ್ಗೆ ತಾನು ಪ್ರತಿ ವರ್ಷ ಕ್ಲಾಸಿನಲ್ಲಿ ಪಾಠ ಮಾಡುತ್ತೇನೆ ಎಂದು.

ಅದೇ ನನಗೂ ಆಶ್ಚರ್ಯ. ಪಾಠ ಮಾಡುತ್ತಿದ್ದರು, ನಿಜ. ಆದರೆ ಕಾಗದದಲ್ಲಿ ಹೆಂಗಸಿನ ಹೆಸರಿನ ಜೊತೆ ಗಂಡನ ಹೆಸರಿಲ್ಲ ಎಂದರೆ, ಕೋರೆಯ ಬಿಡಾರದಲ್ಲಿ ಬೆಳೆದವರ ಕಣ್ಣಿಗೆ ಕಾಣುವುದು ಒಂದೇ. ಪುಸ್ತಕದಲ್ಲಿ ಓದಿದ್ದು ತಲೆಯಲ್ಲಿರುತ್ತದೆ, ತಾಯಿಯನ್ನು ನೋಡಿ ಕಲಿತದ್ದು ಕಣ್ಣಲ್ಲೇ ಕೂತಿರುತ್ತದೆ.

ಕಾಪುವಿನಲ್ಲಿ ವಿನೋದಕ್ಕ ಮಗಳ ಮನೆಯಲ್ಲಿದ್ದರು. ಎಂಬತ್ತು ದಾಟಿದ್ದರೂ ಕಿವಿ ಚುರುಕು. ಆಕೆಯೇ ಸರ್ ಗುರುತು ಹಿಡಿದು, ಅಂದು ರೆಕಾರ್ಡರ್ ತಂದಿದ್ದ ಮಾಸ್ಟ್ರು ಅಲ್ವಾ ಎಂದು ಕೂರಿಸಿದರು. ಮೋಕ್ಷಾ ಎಳನೀರು ತಂದಿಟ್ಟು ಗೋಡೆಗೆ ಒರಗಿ ನಿಂತಳು. ಮಾತು ತುಳುವಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಮ್ಮ, ಅಂದು ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆ ಉಂಟು," ಎಂದರು ರಾಮಲಿಂಗ ಸರ್. "ನಿಮ್ಮ ಯಜಮಾನರು ಯಾರು?"

"ಇದೆಂತ ಪ್ರಶ್ನೆ? ಗುತ್ತಿನವರು. ಧಣಿ ಎಂತ ಹೇಳಿದ್ರು, ಧಣಿ ಯಾಕೆ ಒಪ್ಪಿದ್ರು ಅಂತ ನೀವು ಅಂದು ಕೇಳಿದ್ದು ಅವರ ಬಗ್ಗೆಯೇ ಅಲ್ವಾ?"

ಗುತ್ತು ಎಂದರೆ ನಮ್ಮ ಕಡೆ ಧಣಿಗಳ ದೊಡ್ಡಮನೆ. ಅವರು ಮಂಡಳಿಯ ಕಾಲದಲ್ಲಿ ಬದುಕಿದ್ದರೇ ಎಂದು ಸರ್ ಕೇಳಿದರು. ಇದ್ದರು, ಅವರು ಹೋದದ್ದು ನೀವು ಮೊದಲ ಸಲ ಬರುವ ಎರಡು ವರ್ಷ ಹಿಂದೆಯಷ್ಟೇ ಎಂದರು ವಿನೋದಕ್ಕ. ಸರ್ ಅಂದು ಬಂದಾಗ ಕಂಡದ್ದು ಬರಿಗೊರಳಿನ ಮುದುಕಿಯನ್ನು. ಬರಿಗೊರಳಿನವಳ ಹತ್ತಿರ ಗಂಡನ ಸುದ್ದಿ ಎತ್ತಬಾರದು ಎಂದು ಎತ್ತಲಿಲ್ಲ. ಜಾಗ ಹೇಗೆ ಬಂತು, ಧಣಿ ಏನೆಂದರು ಎಂದಷ್ಟೇ ಕೇಳಿದ್ದರು. ಕೇಳಿದ್ದಕ್ಕೆಲ್ಲ ಆಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ಆ ದಿನಗಳನ್ನು ನೆನೆದು ವಿನೋದಕ್ಕನಿಗೆ ನಗು ಬಂತು. ಗಂಡನಿಗೆ ಗೇಣಿ ಕೊಟ್ಟವಳು ತಾನು, ವರ್ಷಕ್ಕೆ ಎಷ್ಟು ಮುಡಿ ಅಕ್ಕಿ ಎಂದು ಹಿಂದಿನ ದಿನ ಇಬ್ಬರೂ ಕೂತು ಬಾಯಿಪಾಠ ಮಾಡಿದ್ದೆವು ಎಂದರು. ತಪ್ಪಿದರೆ ಮಂಡಳಿಯವರು ಹಿಡಿಯುತ್ತಾರೆ ಎಂಬ ಹೆದರಿಕೆ. ಹಾಗೆ ಮಾಡದಿದ್ದರೆ ಗಂಡ ಕಣ್ಣು ಮುಚ್ಚಿದ ದಿನ ತಾನೂ ಮಕ್ಕಳೂ ಆ ಮನೆಯಿಂದ ಇಳಿಯಬೇಕಿತ್ತು. ತನ್ನ ದೊಡ್ಡಮ್ಮ ಹಾಗೆ ಇಳಿದದ್ದನ್ನು ಕಣ್ಣಾರೆ ಕಂಡವಳು ತಾನು ಎಂದರು. ಕೇಳುತ್ತ ನನಗೆ ಅವರ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಬಾಯಿಪಾಠ ಮಾಡುತ್ತಿದ್ದೆ.

ಆಮೇಲೆ ರಾಮಲಿಂಗ ಸರ್ ತಾನು ಬರೆದದ್ದನ್ನು ಹೇಳಿದರು. ನೀವು ಹದಿನೇಳು ಮಂದಿಯೂ ವಿಧವೆಯರು ಎಂದು ಬರೆದಿದ್ದೇನೆ, ಅದನ್ನು ಲೋಕವೆಲ್ಲ ಓದಿದೆ ಎಂದರು. ವಿನೋದಕ್ಕನ ನಗು ನಿಂತಿತು. ಜಾಗದ ಗುಟ್ಟು ಹೊರಬಿದ್ದದ್ದಕ್ಕೆ ಆಕೆಗೆ ನಾಚಿಕೆಯಾಗಿರಲಿಲ್ಲ. ಈ ಮಾತಿಗೆ ಮಾತ್ರ ಮುಖ ಕಪ್ಪಾಯಿತು.

"ಅವರು ಮಂಡಳಿಯಲ್ಲಿ ನನ್ನ ಎದುರು ನಿಂತಿದ್ರು," ಎಂದರು. "ಹಾಕಿದ ಅಂಗಿ ನಾನೇ ಒಗೆದು ಕೊಟ್ಟದ್ದು. ಅಂಥವರನ್ನು ನೀವು ಅಲ್ಲೇ ಸಾಯಿಸಿಬಿಟ್ರಾ?"

ಸರ್ ತಲೆ ತಗ್ಗಿಸಿ ಕ್ಷಮಿಸಬೇಕು ಎಂದರು. ಇದನ್ನು ಸರಿಪಡಿಸಿ ಹೊಸದಾಗಿ ಬರೆಯುತ್ತೇನೆ ಎಂದರು. ಆಗ ವಿನೋದಕ್ಕ ಮುಂದಕ್ಕೆ ಬಾಗಿ ಅವರ ಕೈ ಹಿಡಿದುಕೊಂಡರು.

"ಬೇಡ. ನನ್ನನ್ನು ವಿಧವೆ ಅಂದದ್ದು ಅಳಿಸಿ, ಅದು ನಿಮ್ಮ ಧರ್ಮ. ಆದ್ರೆ ಗುತ್ತಿನವರ ಹೆಂಡತಿ ಅಂತ ಬರೀಬೇಡಿ. ಅವರ ಅಳಿಯಂದಿರು ಬೊಂಬಾಯಿಯಲ್ಲಿದ್ದಾರೆ, ಗುತ್ತಿನ ಮನೆಗೇ ಕೇಸು ಹಾಕಿ ಕೂತಿದ್ದಾರೆ. ನೀವು ಬರೆದದ್ದು ಅವರ ಕೈಗೆ ಸಿಕ್ಕಿದ್ರೆ ನನ್ನ ಮಗ ಭೋಜನ ಮನೆ ಉಳಿಯುದಿಲ್ಲ. ಅವ ಮನೆ ಕಟ್ಟಿದ್ದು ಆ ಜಾಗದಲ್ಲೇ."

ಬರೆಯುವುದಿಲ್ಲ ಎಂದು ಸರ್ ಮಾತು ಕೊಟ್ಟರು. ನನ್ನನ್ನು ಕೇಳದಿದ್ದರೂ ಆಕೆ ನನ್ನ ಕಡೆಗೂ ನೋಡಿದ್ದರಿಂದ ನಾನೂ ಮಾತು ಕೊಟ್ಟೆ. ಮೋಕ್ಷಾ ಗೋಡೆಯಿಂದ ಕದಲಲಿಲ್ಲ.

ಹಿಂದೆ ಬರುವಾಗ ಕಟಪಾಡಿ ದಾಟಿದ ಮೇಲೆ ಸರ್, "ಅಪ್ಪನ ಹೆಸರು ಎತ್ತಿದ್ರೆ ಅವ್ವ ಆ ದಿನ ಊಟ ಮಾಡ್ತಿರಲಿಲ್ಲ ಮೇಡಂ. ಅದಕ್ಕೇ ನಾನು ಯಾರನ್ನೂ ಕೇಳ್ಲಿಲ್ಲ," ಎಂದರು. ಮರ್ಯಾದೆಗೆ ಬಾಯಿ ಮುಚ್ಚಿಕೊಂಡ ಮನುಷ್ಯ ಸುಳ್ಳುಗಾರನಾಗುವುದನ್ನು ನಾನು ಮೊದಲ ಸಲ ನೋಡಿದ್ದು.

ಅವರಿಗೆ ಆಸೆ ಬಿಟ್ಟಿರಲಿಲ್ಲ. ವಿನೋದಕ್ಕ ಒಬ್ಬರು ಹಾಗಿರಬಹುದು, ಉಳಿದವರು? ರಜೆ ಸಿಕ್ಕಿದಾಗಲೆಲ್ಲ ಹಿರಿಯಡ್ಕ ಬೈಲೂರು ದಾಟಿ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗತೊಡಗಿದರು. ಹೆಚ್ಚಿನವರು ತೀರಿಹೋಗಿದ್ದರು. ಮಕ್ಕಳನ್ನು, ಮೊಮ್ಮಕ್ಕಳನ್ನು ಕಂಡು, ಈಗ ಮೊದಲ ಪ್ರಶ್ನೆಯೇ ಅದು: ನಿಮ್ಮ ಅಜ್ಜಿಯ ಗಂಡ ಯಾರು, ಯಾವಾಗ ಹೋದದ್ದು? ಎಲ್ಲ ಕಡೆ ಒಂದೇ ಉತ್ತರ ಬಂತು. ಒಬ್ಬ ವಕೀಲನ ಬುದ್ಧಿ ಇಡೀ ಊರಿನ ದೊಡ್ಡಮನೆಗಳಿಗೆ ಸಾಕಾಗಿತ್ತು.

ಅವರ ಎದುರು ಈಗ ಎರಡು ದಾರಿ ಇತ್ತು, ಎರಡೂ ಕೆಟ್ಟವು. ಸುಮ್ಮನಿದ್ದರೆ ಪ್ರೊಫೆಸರ್ ಆಗುತ್ತಾರೆ. ಆದರೆ ಆ ಸುಳ್ಳು ಇನ್ನಷ್ಟು ವರದಿಗಳಿಗೆ ಹೋಗಿ ಸೋಮವ್ವನಂಥವರ ಅರ್ಜಿಗಳನ್ನು ಬೀಳಿಸುತ್ತಲೇ ಇರುತ್ತದೆ. ನಿಜ ಬರೆದರೆ ಭೋಜನ ಮನೆ ಹೋಗುತ್ತದೆ. ಲೇಖನದಲ್ಲಿ ಊರಿನ ಹೆಸರು ಬದಲಿಸಿದ್ದು ಹೊರಗಿನವರಿಗೆ. ಕಾರ್ಕಳದ ಸುತ್ತ ಯಾರು ಓದಿದರೂ ಯಾವ ಊರು, ಯಾವ ಗುತ್ತು ಎಂದು ಬೆರಳು ಮಾಡಿ ತೋರಿಸುತ್ತಾರೆ. ಅತ್ತ ದರಿ, ಇತ್ತ ಪುಲಿ ಎಂದು ನಾವು ಸುಮ್ಮನೆ ಹೇಳುತ್ತಿರುತ್ತೇವೆ. ಅದರ ನಡುವೆ ಒಬ್ಬ ಮನುಷ್ಯ ನಿಂತದ್ದನ್ನು ನೋಡುವುದು ಬೇರೆ.

ನಾನು ಸುಮ್ಮನಿರಿ ಎಂದೆ. ಲೋಕದಲ್ಲಿ ತಪ್ಪು ಲೇಖನಗಳು ಬೇಕಾದಷ್ಟಿವೆ, ಎಣಿಸುವವಳು ನಾನು, ನನಗೆ ಗೊತ್ತು ಎಂದೆ. ಅವರು ಕೇಳಲಿಲ್ಲ. ಪತ್ರಿಕೆಯ ಸಂಪಾದಕರಿಗೆ ಬರೆದು, ಆ ಹೆಂಗಸರು ವಿಧವೆಯರಾಗಿರಲಿಲ್ಲ, ತಪ್ಪು ನನ್ನದು, ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದರು. ಹಾಗಾದರೆ ಅವರು ಯಾರು, ಆಧಾರ ಕಳಿಸಿ ಎಂದು ಸಂಪಾದಕರು ಕೇಳಿದರು. ಇವರು ಕಳಿಸಲಿಲ್ಲ. ರೆಕಾರ್ಡಿಂಗ್ ಕೇಳಿದರು, ಅದನ್ನೂ ಕೊಡಲಿಲ್ಲ. ಕೊನೆಗೆ ಪತ್ರಿಕೆ ಲೇಖನದ ಮೇಲೆ ಅಡ್ಡಗೆರೆ ಎಳೆದು, ಲೇಖಕರು ತಮ್ಮ ಆಧಾರಗಳನ್ನು ತೋರಿಸಲು ಒಪ್ಪಲಿಲ್ಲ ಎಂದು ಅಚ್ಚು ಹಾಕಿತು. ಓದಿದವರಿಗೆ ಅದರ ಅರ್ಥ ಒಂದೇ. ಈ ಮನುಷ್ಯ ಇಲ್ಲದ ವಿಧವೆಯರನ್ನು ಹುಟ್ಟಿಸಿದ.

ಸಂಸ್ಥೆ ಸುಮ್ಮನಿರಲು ಆಗುತ್ತದೆಯೇ? ಡೀನರೂ ಹೊರಗಿನ ಇಬ್ಬರೂ ಸೇರಿ ವಿಚಾರಣೆಗೆ ಕೂತರು. ನನ್ನನ್ನೂ ಕರೆದರು. ಲೇಖನಕ್ಕೆ ಎಷ್ಟು ಸೈಟೇಶನ್ ಎಂದು ನಾನು ಓದಿ ಹೇಳಬೇಕಿತ್ತು. ಹೋದ ವರ್ಷ ಪ್ರೊಫೆಸರ್ ಮಾಡಲೆಂದು ಎಣಿಸಿಕೊಟ್ಟ ಅದೇ ಸಂಖ್ಯೆ ಈಗ ತಪ್ಪಿನ ಉದ್ದ ಅಳೆಯುವ ಕೋಲಾಯಿತು. ಎಷ್ಟು ಜನ ನಂಬಿದ್ದರೋ ಅಷ್ಟು ದೊಡ್ಡ ಅಪರಾಧ. ನಾನು ಓದಿ ಮೂಲೆಯ ಕುರ್ಚಿಯಲ್ಲಿ ಕೂತೆ.

ಆ ಹೆಂಗಸರು ಇದ್ದರೇ ಎಂದು ಕೇಳಿದರು. ಇದ್ದರು ಎಂದರು ರಾಮಲಿಂಗ ಸರ್. ವಿಧವೆಯರೇ? ಅಲ್ಲ. ಮತ್ತೆ ಯಾರು? ಅದನ್ನು ಮಾತ್ರ ಹೇಳಲಾರೆ ಎಂದರು. ಹೊರಗಿನಿಂದ ಬಂದ ಹಿರಿಯರೊಬ್ಬರು, ಒಳ್ಳೆಯ ಮಾತಿನಲ್ಲೇ, ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ, ಹೇಳಿದರೆ ನಿಮಗೇ ಒಳ್ಳೆಯದು ಎಂದರು.

ಆಮೇಲೆ ಮೋಕ್ಷಾಳನ್ನು ಕರೆದರು. ಕಾಗದಗಳನ್ನು ನೋಡಿರಬೇಕಲ್ಲ ನೀನು, ಈ ಹೆಂಗಸರ ಬಗ್ಗೆ ನಿನಗೆ ಏನು ಗೊತ್ತು ಎಂದರು. ಅವಳ ಕಣ್ಣು ಸರ್ ಕಡೆ ಹೋಯಿತು. ಹೀಗೇ ಹೇಳಬೇಕು ಎಂದು ಅವರು ಮೊದಲೇ ಹೇಳಿಕೊಟ್ಟಿದ್ದರು, ಅದು ನನಗೆ ಗೊತ್ತು.

"ನನಗೆ ಏನೂ ಗೊತ್ತಿಲ್ಲ," ಎಂದಳು. "ಸರ್ ನನಗೆ ಏನನ್ನೂ ತೋರಿಸಿಲ್ಲ."

ರಾಮಲಿಂಗ ಸರ್ ಸಣ್ಣಗೆ ತಲೆಯಾಡಿಸಿದರು, ಕ್ಲಾಸಿನಲ್ಲಿ ಸರಿಯುತ್ತರ ಬಂದಾಗ ಆಡಿಸುವ ಹಾಗೆ. ಎದ್ದು ಎಲ್ಲವನ್ನೂ ಹೇಳಿಬಿಡಬೇಕು ಅನಿಸಿತು. ಆದರೆ ವಿನೋದಕ್ಕನಿಗೆ ಕೊಟ್ಟ ಮಾತು ನನ್ನದೂ ಆಗಿತ್ತು. ಆ ಹುಡುಗಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತೆ.

ಬಡ್ತಿ ಹೋಯಿತು. ಇನ್ನು ಮುಂದೆ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕೊಡುವುದಿಲ್ಲ ಎಂದಾಯಿತು. ಮೋಕ್ಷಾಳನ್ನು ಬೇರೆ ಮಾರ್ಗದರ್ಶಕರಿಗೆ ಹಚ್ಚಿದರು. ಲೇಖನದ ಸೈಟೇಶನ್ ಮಾತ್ರ ನಿಲ್ಲಲಿಲ್ಲ. ಗೊತ್ತಿಲ್ಲದವರು ಹಳೆಯ ಹಾಗೆಯೇ ಹೆಸರಿಸುತ್ತಿದ್ದಾರೆ, ಗೊತ್ತಾದವರು ವಿದ್ವಾಂಸರು ಹೇಗೆ ಮೋಸ ಮಾಡುತ್ತಾರೆ ಎಂಬುದಕ್ಕೆ ಉದಾಹರಣೆಯಾಗಿ ಹೆಸರಿಸುತ್ತಿದ್ದಾರೆ. ಎರಡನ್ನೂ ಬೇರೆ ಬೇರೆ ಎಣಿಸುವ ಸೌಕರ್ಯ ನಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಸಂಖ್ಯೆ ಏರುತ್ತಲೇ ಇದೆ. ನಿವೇಶನದ ವರದಿ ಬರೆದವರಿಗೂ ಸರ್ ಪತ್ರ ಹಾಕಿದ್ದರು. ಮುಂದಿನ ಆವೃತ್ತಿಯಲ್ಲಿ ಗಮನಿಸುತ್ತೇವೆ ಎಂದು ಉತ್ತರ ಬಂತು.

ಉಡುಪಿಯ ಒಂದು ಸಂಜೆಪತ್ರಿಕೆ ಈ ಸುದ್ದಿಯನ್ನು ಫೋಟೋ ಸಮೇತ ಹಾಕಿದ ದಿನ ನಾನು ಪರ್ಕಳದ ಅವರ ಮನೆಗೆ ಹೋದೆ. ಒಬ್ಬರೇ ಇರುತ್ತಾರೇನೋ ಎಂಬ ಹೆದರಿಕೆ. ಶರಣಮ್ಮ ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದರು. ಸರ್ ಬಾಗಿಲ ಬಳಿ ನಿಂತಿದ್ದರು. ಕಾರ್ಕಳದಿಂದ ಸೋಮವ್ವ ಫೋನು ಮಾಡಿ ಆಗಲೇ ಸುದ್ದಿ ಮುಟ್ಟಿಸಿದ್ದರು. ನಾನು ಹಿಂದೆ ಹೋಗಲು ನೋಡಿದೆ, ಸರ್ ಕೂತುಕೊಳ್ಳಿ ಎಂದು ಸನ್ನೆ ಮಾಡಿದರು.

"ಸುಳ್ಳ ಬರದಿ ಅಂತಾರಲ್ಲಪಾ. ಹೌದೇನು?" ಎಂದರು ಶರಣಮ್ಮ.

ಸಂಪಾದಕರಿಗೆ ಹೇಳದ್ದನ್ನು, ವಿಚಾರಣೆಯವರಿಗೆ ಹೇಳದ್ದನ್ನು ರಾಮಲಿಂಗ ಸರ್ ತಾಯಿಯ ಎದುರು ನೆಲದ ಮೇಲೆ ಕೂತು ಹೇಳಿದರು. ಯಾರಿಗೂ ಹೇಳಬಾರದು ಎಂದು ಮೊದಲು ಹೇಳಿ, ಆಮೇಲೆ ಎಲ್ಲವನ್ನೂ ಹೇಳಿದರು. ಅವರಿಗೆಲ್ಲ ಗಂಡಂದಿರು ಇದ್ದರು ಅವ್ವ, ಆ ಗಂಡಂದಿರೇ ಧಣಿಗಳು, ತಮ್ಮ ಮಕ್ಕಳಿಗೆ ಭೂಮಿ ಉಳಿಸಿಕೊಳ್ಳಲು ಹಾಗೆ ಮಾಡಿದರು ಎಂದರು. ಹೇಳುವಾಗ ಅವರು ತಾಯಿಯ ಮುಖ ನೋಡಲಿಲ್ಲ. ಶರಣಮ್ಮ ಕೆಲಸದ ಬಗ್ಗೆ ಕೇಳಲಿಲ್ಲ, ಬಡ್ತಿಯ ಬಗ್ಗೆ ಕೇಳಲಿಲ್ಲ, ಪೇಪರಿನವರನ್ನು ಬೈಯಲಿಲ್ಲ.

"ಹದಿನೇಳರಾಗ ಗಂಡನ್ನ ಕಳಕೊಂಡಾಕಿ ಒಬ್ಬಾಕಿನೂ ಇದ್ದಿಲ್ಲೇನು?"

"ಇಲ್ಲವ್ವ. ಎಲ್ಲಾರ ಮನೀಗೂ ಹೋಗಿ ಕೇಳೇನಿ. ಒಬ್ಬಾಕಿನೂ ಇದ್ದಿಲ್ಲ."

"ಹಂಗಾರ ನಮ್ಮಂಥಾಕೇರಿಗೆ ಯಾರೂ ಏನೂ ಕೊಟ್ಟೇ ಇಲ್ಲ ಅನ್ನು," ಎಂದರು ಶರಣಮ್ಮ.

ರಾಮಲಿಂಗ ಸರ್ ಹೌದು ಎಂದರು.